ವೈನಿನ ‘ಡ್ರೈ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಫ್ರಾನ್ಸಿನ ಆಲ್ಸೇಸ್ ಸೀಮೆಯ ಟ್ರಿಂಬಾಕ್ ಮನೆತನದ ಕುರಿತು ಒಂದು ಲೇಖನ ಬರೆಯುತ್ತಿದ್ದೇನೆ. 1626ರಿಂದ ವೈನ್ ತಯಾರಿಕೆಯನ್ನೇ ಕಸುಬು ಮಾಡಿಕೊಂಡು ಬಂದ ಮನೆ ಅದು. ಯೂನಾವೀರ್ ಎಂಬ ಹಳ್ಳಿಯ ಸುಣ್ಣಕಲ್ಲಿನ ನೆಲದಲ್ಲಿ ಅವರಿಗೆ ‘ಕ್ಲೋ ಸೇಂತ್ ಯೂನ್’ ಎಂಬ ತೋಟವಿದೆ. ವಿಸ್ತೀರ್ಣ 1.67 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ನಾಲ್ಕು ಎಕರೆ ಚಿಲ್ಲರೆ. ಅಲ್ಲಿನ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನನ್ನು ಬಾಟಲಿಗೆ ತುಂಬಿದ ಮೇಲೂ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟು ಆಮೇಲೆ ಮಾರಾಟಕ್ಕೆ ಬಿಡುತ್ತಾರೆ. ಜಗತ್ತಿನ ಶ್ರೇಷ್ಠ ‘ಡ್ರೈ’ ಬಿಳಿ ವೈನ್‌ಗಳ ಮಾತು ಬಂದಲ್ಲೆಲ್ಲ ಇದರ ಹೆಸರು ಬರುತ್ತದೆ. ನನ್ನ ತೊಡಕು ಈ ‘ಡ್ರೈ’ಯದು.

ದ್ರಾಕ್ಷಿಯ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗಿ, ನಾಲಿಗೆಗೆ ಸಿಹಿ ಉಳಿಯದಿರುವುದೇ ಇಲ್ಲಿ ‘ಡ್ರೈ’. ಯುರೋಪಿನ ನಿಯಮದಂತೆ ಲೀಟರಿಗೆ 4 ಗ್ರಾಂ ಮೀರದಷ್ಟು ಸಕ್ಕರೆ. ಆಮ್ಲ ಸಾಕಷ್ಟಿದ್ದರೆ 9 ಗ್ರಾಂವರೆಗೂ ಸಲ್ಲುತ್ತದೆ. ಫ್ರೆಂಚರ ‘ಸೆಕ್’, ಜರ್ಮನರ ‘ಟ್ರೋಕನ್’ ಎರಡಕ್ಕೂ ಒಣಗಿದ್ದು ಎಂದೇ ಅರ್ಥ. ಆದರೆ ಕನ್ನಡದಲ್ಲಿ ‘ಒಣ ವೈನ್’ ಎಂದರೆ ಓದುಗರು ಪುಡಿಯ ಪೊಟ್ಟಣವನ್ನು ಕಲ್ಪಿಸಿಕೊಂಡಾರು.

‘ಒಗರು’ ಎಂದು ಕೆಲವರು ಬರೆಯುತ್ತಾರೆ. ಅದು ಬೇರೆಯೇ ಸಂಗತಿ. ಒಗರು ಬರುವುದು ಹೆಚ್ಚಾಗಿ ಸಿಪ್ಪೆ, ಬೀಜಗಳಿಂದ. ಕೆಂಪು ವೈನ್ ಅವುಗಳ ಜೊತೆಯಲ್ಲೇ ಹುದುಗುತ್ತದೆ. ಬಿಳಿ ವೈನಿಗೆ ಹಣ್ಣನ್ನು ಮೊದಲೇ ಹಿಂಡಿ ರಸವನ್ನಷ್ಟೇ ಹುದುಗಿಸುತ್ತಾರೆ, ಹಾಗಾಗಿ ಅದರಲ್ಲಿ ಒಗರು ಕಡಿಮೆ. ‘ಹುಳಿ’ಯೂ ಆಗದು: ರೀಸ್ಲಿಂಗಿನಲ್ಲಿ ಹುಳಿ ಧಾರಾಳವಾಗಿದೆ ನಿಜ, ಆದರೆ ಸಿಹಿ ರೀಸ್ಲಿಂಗಿನಲ್ಲೂ ಅಷ್ಟೇ ಹುಳಿ ಇರುತ್ತದೆ. ‘ಸಿಹಿರಹಿತ’ದಲ್ಲಿ ತಪ್ಪಿಲ್ಲ, ಆದರೆ ಔಷಧದ ಚೀಟಿಯ ವಾಸನೆ ಹೊಡೆಯುತ್ತದೆ.

ಅರ್ಥಕ್ಕೆ ತೀರ ಹತ್ತಿರ ಬರುವುದು ‘ಸಪ್ಪೆ’. ಸಕ್ಕರೆ ಹಾಕದ ಕಾಫಿಯನ್ನು ಸಪ್ಪೆ ಕಾಫಿ ಎನ್ನುತ್ತೇವಲ್ಲ, ಥೇಟ್ ಅದೇ. ಆದರೆ ನಾನೂರು ವರ್ಷದ ಮನೆತನದ ವೈನನ್ನು ಸಪ್ಪೆ ಎಂದು ಕರೆದರೆ ಹೊಗಳಿದಂತಾಗುವುದಿಲ್ಲ! ಉಪ್ಪಿಲ್ಲದ ಸಾರಿಗೂ ಅದೇ ಮಾತು, ಉತ್ಸಾಹವಿಲ್ಲದ ಭಾಷಣಕ್ಕೂ ಅದೇ ಮಾತು.

ವೈನನ್ನು ‘ದ್ರಾಕ್ಷಾರಸ’ ಮಾಡಿ ಎಂಬ ಸಲಹೆ ಬರಬಹುದು. ಕನ್ನಡ ಬೈಬಲಿನಿಂದ ಚೆನ್ನಾಗಿ ರೂಢವಾದ ಪದವೇ. ಆದರೂ ‘ವೈನ್’ ಈಗ ಎಲ್ಲರಿಗೂ ತಿಳಿಯುವುದರಿಂದ ಅದನ್ನು ಹಾಗೆಯೇ ಉಳಿಸುತ್ತೇನೆ.

ಕರಾವಳಿಯ ಸದಸ್ಯರಲ್ಲಿ ಒಂದು ವಿಶೇಷ ಕೋರಿಕೆ. ಮರದಿಂದ ಇಳಿಸಿದ ಕಳ್ಳು ಮೊದಲು ಸಿಹಿಯಾಗಿದ್ದು, ಹೊತ್ತು ಹೋದಂತೆ ಹುದುಗಿ, ಕೊನೆಗೆ ಹುಳಿಯಾಗುತ್ತದೆ. ಸಿಹಿ ಹೋಗಿದೆ, ಆದರೆ ಇನ್ನೂ ಹುಳಿತಿಲ್ಲ ಎನ್ನುವ ನಡುವಿನ ಹದಕ್ಕೆ ಕಳ್ಳು ಇಳಿಸುವ ಮೂರ್ತೆದಾರರ ಬಾಯಲ್ಲಿ ಬೇರೆ ಮಾತಿದೆಯೇ? ಕನ್ನಡವಾದರೂ ಸರಿ, ತುಳುವಾದರೂ ಸರಿ. ಸಿಕ್ಕಿದರೆ ಲೇಖನದಲ್ಲಿ ಅದನ್ನೇ ಬಳಸುತ್ತೇನೆ. ಇಲ್ಲವಾದರೆ ‘ಡ್ರೈ’ ಎಂದೇ ಬರೆದು, ಮೊದಲ ಬಾರಿ ಬಂದಾಗ ಒಂದು ಸಾಲಿನ ವಿವರಣೆ ಕೊಡುತ್ತೇನೆ.