ಅಪ್‌ಡೇಟ್: ಕುಣಿಗಲ್‌ನಿಂದ ಮಧುಗಿರಿಗೆ ಕುದುರೆ ಸವಾರಿ

ಗೆಳೆಯನ ಜೊತೆ ಕುದುರೆ ಮೇಲೆ ಮಧುಗಿರಿಗೆ ಹೋಗ್ತಿದ್ದೀವಿ, ದಾರೀಲಿ ನೀರು, ಮೇವಿಗೆ ಏನು ಮಾಡೋದು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು.

ಮೇವಿನ ಚಿಂತೆಯೇ ಬರಲಿಲ್ಲ. ಕೇಳಿದ ಕಡೆಯೆಲ್ಲ ಹಸಿ ಹುಲ್ಲು ಕೊಟ್ಟರು, ದುಡ್ಡು ಮಾತ್ರ ಯಾರೂ ಮುಟ್ಟಲಿಲ್ಲ. ಹುರುಳಿ ನಾವೇ ಒಯ್ದಿದ್ದೆವು.

ಕಷ್ಟ ಆಗಿದ್ದು ನೀರಿಗೆ. ಒಂದು ಕುದುರೆಗೆ ದಿನಕ್ಕೆ 25–40 ಲೀಟರ್ ಬೇಕು, ಬಿಸಿಲಲ್ಲಿ ಇನ್ನೂ ಜಾಸ್ತಿ. ಕೊರಟಗೆರೆ ದಾಟಿದ ಮೇಲೆ ತೋಟದ ಬೋರ್‌ವೆಲ್ ತೊಟ್ಟಿಗಳೇ ಗತಿ. ಕರೆಂಟ್ ಬರೋವರೆಗೆ ಸುಮ್ನೆ ಕಾಯಬೇಕು, ಅಷ್ಟೆ.

ದೇವರಾಯನದುರ್ಗದ ಇಳಿಜಾರಲ್ಲಿ ಲಗಾಮು ಹಿಡಿದು ನಡೆದೇ ಇಳಿದೆವು. ಅಲ್ಲೇ ನನ್ನ ಕುದುರೆಯ ಮುಂಗಾಲಿನ ಲಾಳ ಸಡಿಲವಾಗಿ ಟಕ್ ಟಕ್ ಅನ್ನತೊಡಗಿತು. ಕೆಳಗಿನ ಊರಲ್ಲಿ ಎತ್ತಿಗೆ ಲಾಳ ಕಟ್ಟುವ ಯಜಮಾನರೊಬ್ಬರು ಸಿಕ್ಕರು. "ಕುದುರೆ ಕಾಲು ನಂಗೊತ್ತಿಲ್ಲ ಸ್ವಾಮಿ" ಅನ್ನುತ್ತಲೇ ಮೊಳೆ ಬಿಗಿ ಮಾಡಿಕೊಟ್ಟರು. ಮಧುಗಿರಿವರೆಗೂ ಅದು ಅಲ್ಲಾಡಲಿಲ್ಲ.