ಬರೆ ಜರಿದರೆ ಮನೆಯ ವಿಮೆ ಸಿಗುತ್ತದಾ? ವಿಮೆಯ ನಷ್ಟ ಅಳೆಯುವ ಸರ್ವೆಯರ್ ಅಣ್ಣನಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ): ಅಣ್ಣಾ, ನಮಸ್ಕಾರ. ಗುಡ್ಡ ಸಮತಟ್ಟು ಮಾಡಿ ಕಟ್ಟಿದ ಮನೆ ನಮ್ಮದು. ಕೆಂಪುಕಲ್ಲಿನ ಗೋಡೆ. ಎದುರಿಗೆ ಆರ್‌ಸಿಸಿ, ಹಿಂದಿನ ಅಡುಗೆಮನೆಗೆ ಹಂಚಿನ ಮಾಡು. ಅಡುಗೆಮನೆಯ ಹಿಂದೆಯೇ ಎರಡಾಳೆತ್ತರದ ಬರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ. ಕಳೆದ ಮಳೆಗಾಲದಲ್ಲಿ ಸ್ವಲ್ಪ ಮಣ್ಣು ಜರಿದು ಒಲೆಕಟ್ಟೆಯ ಕಿಟಕಿವರೆಗೆ ಬಂತು. ಮನೆಸಾಲ ಇನ್ನೂ 18 ಲಕ್ಷ ಬಾಕಿ ಇದೆ. ಸಾಲ ಕೊಡುವಾಗಲೇ ಬ್ಯಾಂಕಿನವರು ವಿಮೆ ಮಾಡಿಸಿದ್ದಾರಂತೆ. ಯಜಮಾನರು ಗಲ್ಫ್‌ನಲ್ಲಿದ್ದಾರೆ, "ಅದೇ ಸಾಕು, ಇನ್ನೊಂದು ಖರ್ಚು ಯಾಕೆ" ಅಂತಾರೆ. ನನಗೆ ಮಳೆ ಜೋರಾದರೆ ನಿದ್ದೆ ಬರುವುದಿಲ್ಲ. ಬರೆ ಜರಿದರೆ ದುಡ್ಡು ಕೊಡುತ್ತಾರಾ?

ಉತ್ತರ: ಅಕ್ಕಾ, ಮೊದಲು ಆ ವಿಮೆಯ ಕಾಗದ ಹುಡುಕಿ. ಸಿಗದಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಪ್ರತಿ ಕೇಳಿ. ಯಾಕೆ ಅಂದರೆ ಸಾಲದ ಜೊತೆ ಎರಡು ಬಗೆಯ ವಿಮೆ ಬರಬಹುದು. ಒಂದು ಕಟ್ಟಡಕ್ಕೆ. ಇನ್ನೊಂದು ಸಾಲ ತೆಗೆದವರ ಜೀವಕ್ಕೆ. ಜೀವದ ವಿಮೆಯಾದರೆ ನಿಮ್ಮ ಯಜಮಾನರಿಗೆ ಏನಾದರೂ ಆದಾಗ ಸಾಲ ತೀರುತ್ತದೆ. ಗೋಡೆ ಬಿದ್ದರೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ "ವಿಮೆ ಇದೆ" ಅಂತ ಧೈರ್ಯವಾಗಿ ತೋರಿಸಿದ ಕಾಗದ ಜೀವದ್ದೇ ಆಗಿತ್ತು. ಮಾಡು ಹಾರಿಹೋದ ಮನೆಯ ಜಗಲಿಯಲ್ಲಿ ನಿಂತು ಅದನ್ನು ಹೇಳಬೇಕಾದಾಗ ನನಗೆ ಮಾತೇ ಹೊರಡುವುದಿಲ್ಲ.

ಕಟ್ಟಡದ್ದೇ ಆಗಿದ್ದರೆ, ಯಾವ ಮನೆ ಅಂತ ಸರಿಯಾಗಿ ಬರೆದಿದೆಯಾ, ಮೊತ್ತ ಎಷ್ಟು, ಕೊನೆಯ ದಿನ ಯಾವುದು ಅಂತ ನೋಡಿ. ಮೊದಲ ವರ್ಷ ಮಾಡಿಸಿ ಆಮೇಲೆ ಯಾರೂ ನವೀಕರಿಸದೆ ಬಿಟ್ಟದ್ದೂ ಉಂಟು. ಇನ್ನು ಕೆಲವರಿಗೆ ಸಾಲದ ಮೊತ್ತಕ್ಕೆ ಮಾತ್ರ ವಿಮೆ ಇರುತ್ತದೆ. ಸಾಲ ಬಾಕಿ ಇರುವಾಗ ಪರಿಹಾರ ಮೊದಲು ಬ್ಯಾಂಕಿಗೇ ಹೋಗುತ್ತದೆ. ಬ್ಯಾಂಕಿನ ಬಾಕಿ ತೀರಿತು, ನಿಮಗೆ ಮನೆ ಎಲ್ಲಿಂದ ಬಂತು?

ಇನ್ನು ಬರೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕು ಅಂತ ನಿಯಮ ಬಂತು. ಬೆಂಕಿ, ಸಿಡಿಲು, ಗಾಳಿಮಳೆ, ನೆರೆ, ಭೂಕಂಪ, ಮರ ಬೀಳುವುದು, ನೀರಿನ ಟ್ಯಾಂಕು ಒಡೆಯುವುದು, ಇವೆಲ್ಲದರ ಜೊತೆ ಗುಡ್ಡ ಜರಿತವೂ ಅದರಲ್ಲಿದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಆದರೆ ಅದೇ ಸಾಲಿನ ಪಕ್ಕದಲ್ಲಿ ಏನೇನು ಬಿಟ್ಟಿದ್ದಾರೆ ಅಂತ ಬರೆದಿರುತ್ತದೆ. ನಮ್ಮೂರಿನವರು ಓದಲೇಬೇಕಾದ್ದು ಅದನ್ನು.

ಹೊಸ ಕಟ್ಟಡ ಕೂತು ಬರುವ ಸಾಮಾನ್ಯ ಬಿರುಕು ಸೇರುವುದಿಲ್ಲ. ಮಣ್ಣು ತುಂಬಿಸಿ ಎತ್ತರಿಸಿದ ಜಾಗ ಕುಸಿದರೆ ಸೇರುವುದಿಲ್ಲ. ಕೆಲಸ ಅಥವಾ ವಿನ್ಯಾಸ ಕಳಪೆಯಾಗಿ ಆದ ಹಾನಿ ಸೇರುವುದಿಲ್ಲ. ಕಟ್ಟಡದ ಕೆಲಸದಿಂದ, ನೆಲ ಅಗೆದದ್ದರಿಂದ ಆದ ಕುಸಿತವೂ ಸೇರುವುದಿಲ್ಲ. ಈಗ ನಮ್ಮ ಕಡೆಯ ಮನೆಗಳನ್ನು ನೆನಪು ಮಾಡಿಕೊಳ್ಳಿ. ಅರ್ಧ ಜಾಗ ಗುಡ್ಡ ಕಡಿದದ್ದು. ಅದೇ ಮಣ್ಣನ್ನು ಎದುರಿಗೆ ತುಂಬಿಸಿ ಅಂಗಳ ಮಾಡಿದ್ದು. ಹಿಂದಿನ ಬರೆ ಮಳೆಗೆ ಜರಿದರೆ ಒಂದು ಲೆಕ್ಕ. ಎದುರಿನ ತುಂಬಿಸಿದ ಮಣ್ಣು ಕೂತು ಜಗಲಿ ಬಿರಿದರೆ ಬೇರೆಯೇ ಲೆಕ್ಕ. ನೆರೆಯವರು ಮೇ ತಿಂಗಳಲ್ಲಿ ಜೆಸಿಬಿ ತಂದು ನಿಮ್ಮ ಬರೆಯ ಬುಡ ಕಡಿದು, ಜೂನ್‌ನಲ್ಲಿ ಅದು ಜರಿದರೆ ಮಳೆಯಿಂದಲೋ ಅಗೆತದಿಂದಲೋ ಅನ್ನುವ ವಾದ ಶುರುವಾಗುತ್ತದೆ.

ಆ ವಾದದಲ್ಲಿ ನಿಮ್ಮ ಕೈ ಹಿಡಿಯುವುದು ಫೋಟೋ. ನಾವು ಸರ್ವೆಯರ್‌ಗಳು ಬರುವಷ್ಟರಲ್ಲಿ ಎಲ್ಲ ಕೆಸರಾಗಿರುತ್ತದೆ. ಮೊದಲು ಹೇಗಿತ್ತು ಅಂತ ತೋರಿಸಲು ಏನಾದರೂ ಬೇಕಲ್ವಾ? ಮಳೆ ಹಿಡಿಯುವ ಮೊದಲು ಬರೆ, ಅದರ ಬುಡದ ಕಣಿ (ನೀರು ಹೋಗುವ ಚರಂಡಿ), ಗೋಡೆ, ಮಾಡಿನ ಮರದ ಪಕ್ಕಾಸು, ನೆಲ ಎಲ್ಲದರ ಫೋಟೋ ತೆಗೆದಿಡಿ. ತಾರೀಕು ಸಮೇತ ಯಜಮಾನರಿಗೂ ಕಳಿಸಿ, ಅವರ ಫೋನಿನಲ್ಲೂ ಇರಲಿ.

ಇನ್ನೊಂದು ಮಾತು. ವಿಮೆ ಕೇಳಿ ತುಂಬಿಸುವ ಪ್ರಪೋಸಲ್ ಫಾರಂನಲ್ಲಿ ಹಿಂದೆ ಹಂಚಿನ ಮಾಡು ಇದೆ, ಬರೆ ಇದೆ, ಕಳೆದ ವರ್ಷ ಮಣ್ಣು ಬಂದಿತ್ತು ಅಂತ ಬರೆಯಿರಿ. ಏಜೆಂಟರು "ಅದೆಲ್ಲ ಬೇಡ, ಸುಮ್ನೆ ಸೈನ್ ಹಾಕಿ" ಅಂದರೂ ಬರೆಯಿರಿ. ಮುಚ್ಚಿಟ್ಟ ವಿಷಯ ನಷ್ಟ ಆದ ದಿನವೇ ಹೊರಗೆ ಬರುತ್ತದೆ.

ಪ್ರಶ್ನೆ (ಅವರೇ): ತುಂಬ ಉಪಕಾರ ಅಣ್ಣಾ. ಎಷ್ಟಕ್ಕೆ ಮಾಡಿಸಬೇಕು? ಜಾಗ, ಮನೆ ಸೇರಿ 50 ಲಕ್ಷ ಬಾಳುತ್ತದೆ ಅಂತಾರೆ.

ಉತ್ತರ: ಜಾಗದ ಬೆಲೆ ಸೇರಿಸಬೇಡಿ. ಮನೆ ಸುಟ್ಟರೂ ಜಾಗ ಅಲ್ಲೇ ಇರುತ್ತದೆ. ಇವತ್ತು ಅದೇ ಮನೆ ಹೊಸದಾಗಿ ಕಟ್ಟಲು ಎಷ್ಟಾಗುತ್ತದೆ, ಅಷ್ಟೇ ಲೆಕ್ಕ. ಒಳಗಿನ ಕಾರ್ಪೆಟ್ ಏರಿಯಾ 1,200 ಚದರಡಿ ಅಂತಿಟ್ಟುಕೊಳ್ಳಿ. ಮೇಸ್ತ್ರಿ ಚದರಡಿಗೆ 2,000 ಅಂದರೆ 24 ಲಕ್ಷ ಆಯಿತು. ನಿಮ್ಮೂರಿನ ದರ ಮೇಸ್ತ್ರಿಯನ್ನೇ ಕೇಳಿ. ದನದ ಹಟ್ಟಿ, ಕಾಂಪೌಂಡು ಗೋಡೆ, ಬರೆಗೆ ಕಟ್ಟಿದ ತಡೆಗೋಡೆ, ಸೋಲಾರ್ ಇದ್ದರೆ ಅವುಗಳ ಖರ್ಚನ್ನೂ ಬೇರೆಯಾಗಿ ಬರೆಸಿ ಸೇರಿಸಿ.

ಮನೆಸಾಮಾನಿಗೆ ಕಟ್ಟಡದ ಮೊತ್ತದ 20% ತಾನಾಗಿ ಸಿಗುತ್ತದೆ, 10 ಲಕ್ಷದ ಮಿತಿಯೊಳಗೆ. ನಿಮ್ಮ ಲೆಕ್ಕದಲ್ಲಿ 4.8 ಲಕ್ಷ. ಚಿನ್ನ ಇದರಲ್ಲಿಲ್ಲ, ಅದಕ್ಕೆ ಬೇರೆ ಸೇರಿಸಿಕೊಳ್ಳಬೇಕು. ಮನೆ ವಾಸಕ್ಕೆ ಆಗದಷ್ಟು ಹಾಳಾದರೆ ರಿಪೇರಿ ಮುಗಿಯುವವರೆಗೆ ಬೇರೆ ಕಡೆ ಇರುವ ಬಾಡಿಗೆಯೂ ಈ ಪಾಲಿಸಿಯಲ್ಲಿ ಬರುತ್ತದೆ. ಇದು ಇದೆ ಅಂತ ಗೊತ್ತಿಲ್ಲದೆ ನೆಂಟರ ಮನೆಯಲ್ಲಿ ತಿಂಗಳುಗಟ್ಟಲೆ ಸಂಕೋಚದಿಂದ ಉಳಿದವರನ್ನು ನೋಡಿದ್ದೇನೆ.

ಪಾಲಿಸಿ 10 ವರ್ಷದವರೆಗೆ ಒಟ್ಟಿಗೆ ಸಿಗುತ್ತದೆ. ನವೀಕರಿಸಲು ಮರೆಯುವ ಭಯ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನದಾದರೆ ಪ್ರತಿ ವರ್ಷ ಮೊತ್ತ 10% ತಾನಾಗಿ ಏರುತ್ತದೆ, ಅದಕ್ಕೆ ಹೆಚ್ಚು ಪ್ರೀಮಿಯಂ ಇಲ್ಲ. ಒಟ್ಟಿಗೆ ಕಟ್ಟಲು ಕಷ್ಟವಾದರೆ ವರ್ಷಕ್ಕೊಮ್ಮೆಯದ್ದೇ ಮಾಡಿ. ತಿಂಗಳು ತಿಂಗಳು ಸ್ವಲ್ಪ ಆರ್‌ಡಿಗೆ ಹಾಕಿ, ಪ್ರೀಮಿಯಂ ಅದರಿಂದಲೇ ಹೋಗಲಿ. ಮನೆಖರ್ಚಿಗೆ ಮೂರು ತಿಂಗಳ ದುಡ್ಡು ಮಾತ್ರ ಮುಟ್ಟದೆ ಇಟ್ಟಿರಿ. ಕ್ಲೇಮು ಎಷ್ಟೇ ಸರಿ ಇದ್ದರೂ ಮರುದಿನ ಕೈಗೆ ಬರುವುದಿಲ್ಲ, ಟಾರ್ಪಾಲು ಮರುದಿನವೇ ಬೇಕು.

ಪ್ರಶ್ನೆ (ಉಪ್ಪಳ): ನಮ್ಮದು ಕಡಲ ಬದಿ. ಕಡಲ್ಕೊರೆತಕ್ಕೆ ಸಿಗುತ್ತದಾ ಅಣ್ಣಾ?

ಉತ್ತರ: ಇಲ್ಲ. ಹೇಳಲು ಕಷ್ಟವಾಗುತ್ತದೆ, ಆದರೂ ನೇರ ಹೇಳುತ್ತೇನೆ. ಕಡಲು ಅಥವಾ ಹೊಳೆ ದಡ ಕೊರೆದು ಆದ ಹಾನಿಯನ್ನು ಹೆಸರು ಹೇಳಿಯೇ ಬಿಟ್ಟಿದ್ದಾರೆ. ಚಂದ್ರಗಿರಿ, ಶಿರಿಯಾ ಹೊಳೆಬದಿಯವರಿಗೂ ಇದೇ ಮಾತು. ನೆರೆನೀರು ಮನೆಗೆ ನುಗ್ಗಿದರೆ ಸಿಗುತ್ತದೆ, ದಡ ಕೊರೆದು ನೆಲ ಹೋದರೆ ಇಲ್ಲ. ಗಾಳಿಗೆ ಮಾಡು ಹಾರಿದರೆ, ತೆಂಗಿನಮರ ಬಿದ್ದರೆ ನಿಮಗೂ ಸಿಗುತ್ತದೆ. ಆದ್ದರಿಂದ ಪಾಲಿಸಿ ಬೇಡ ಅನ್ನಬೇಡಿ. ಕೊರೆತಕ್ಕೆ ವಿಲೇಜ್ ಆಫೀಸಿನಲ್ಲಿ ಸರ್ಕಾರಿ ಪರಿಹಾರಕ್ಕೆ ಅರ್ಜಿ ಹಾಕಿ. ನಮ್ಮ ಕಡೆಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು ನಮಗಿದೆ, ಮಲಯಾಳ ಬಾರದು ಅಂತ ಹಿಂಜರಿಯಬೇಡಿ.

ಪ್ರಶ್ನೆ (ಪೆರ್ಲ): ಹಾಗಾದರೆ ಸರ್ಕಾರದ ಪರಿಹಾರ ಇರುವಾಗ ವಿಮೆ ಯಾಕೆ?

ಉತ್ತರ: ವಿಪತ್ತು ಪರಿಹಾರ ನಿಧಿಯ 2022ರ ಕೇಂದ್ರ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲಿನಲ್ಲಿ 1.2 ಲಕ್ಷ, ಗುಡ್ಡಗಾಡಿನಲ್ಲಿ 1.3 ಲಕ್ಷ ರೂಪಾಯಿ. ರಾಜ್ಯ ಅದಕ್ಕೆ ಸೇರಿಸಿ ಕೊಡಬಹುದು. ಇವತ್ತು ಒಂದು ಲಕ್ಷದಲ್ಲಿ ಎಷ್ಟು ಕಲ್ಲು ಇಳಿಯುತ್ತದೆ ಹೇಳಿ.

ಪ್ರಶ್ನೆ (ಮುಳ್ಳೇರಿಯ): ಭಾವ, ಚಾಲಿ (ಒಣಗಿಸಿದ) ಅಡಕೆ ಮನೆಯ ಅಟ್ಟದಲ್ಲೇ ಇರುವುದು. ರೇಟು ಬರಲಿ ಅಂತ ಕಾಯುತ್ತಿದ್ದೇವೆ. ಅದಕ್ಕೂ ಆಗುತ್ತದಾ?

ಉತ್ತರ: ಒಳ್ಳೆಯದಾಯಿತು ಕೇಳಿದ್ದು, ಭಾವ. ಮಾರಲು ಇಟ್ಟ ಅಡಕೆ ಮನೆಸಾಮಾನು ಅಲ್ಲ, ಸರಕು. ಗೃಹ ರಕ್ಷಾದಲ್ಲಿ ಅದು ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದು ಮಂಚ, ಕಪಾಟಿಗೆ ದುಡ್ಡು ಬಂದು, ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬೆಲೆಯ ಅಡಕೆಗೆ ಏನೂ ಬಾರದೆ ಹೋದದ್ದನ್ನು ನಾನೇ ವರದಿಯಲ್ಲಿ ಬರೆಯಬೇಕಾಯಿತು. ಆ ಮನೆಯವರ ವರ್ಷದ ದುಡಿಮೆಯೆಲ್ಲ ಆ ಗೋಣಿಗಳಲ್ಲಿತ್ತು. ಸರಕಿಗೆ ಬೇರೆ ಪಾಲಿಸಿ ಇದೆ, 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅಂತ. ಅಡಕೆ ಎಲ್ಲಿ ಇಟ್ಟಿದ್ದೀರಿ ಅಂತ ಹೇಳಿಯೇ ಕೇಳಿ. ತೂಕದ ಚೀಟಿ, ಮಾರಿದ ಬಿಲ್ಲು ಜೋಪಾನ ಮಾಡಿ. ಬೆಳೆ ವಿಮೆ ತೋಟದ್ದು, ಅಟ್ಟದ್ದಲ್ಲ.

ಪ್ರಶ್ನೆ (ಕಾಸರಗೋಡು ವಿದ್ಯಾನಗರ, ಬಾಡಿಗೆ ಮನೆ): ಬಾಡಿಗೆಯವರಿಗೆ ಇದರಿಂದ ಏನಾದರೂ ಉಂಟಾ?

ಉತ್ತರ: ಉಂಟು. ಕಟ್ಟಡ ಬಿಟ್ಟು ಸಾಮಾನಿಗೆ ಮಾತ್ರ ಮಾಡಿಸಬಹುದು. ಧಣಿಗಳ ವಿಮೆ ನಿಮ್ಮ ಫ್ರಿಜ್ಜು, ಲ್ಯಾಪ್‌ಟಾಪಿಗೆ ಆಗುವುದಿಲ್ಲ. ಆದರೆ ಬರೀ ಕಳ್ಳತನಕ್ಕೆ ಇದು ಆಗದು. ಬೆಂಕಿ, ನೆರೆಯಂಥದ್ದು ಆದ 7 ದಿನದೊಳಗೆ, ಅದರ ಕಾರಣಕ್ಕೇ ಆದ ಕಳವು ಮಾತ್ರ ಸೇರುತ್ತದೆ. ಬೀಗ ಒಡೆದು ಕದ್ದದ್ದಕ್ಕೆ ಬರ್ಗ್ಲರಿ ಕವರ್ ಬೇರೆ ಕೇಳಬೇಕು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರಲ್ಲಿ ಇರದವರು ಅದನ್ನು ಕಂಪನಿಗೆ ಮೊದಲೇ ತಿಳಿಸಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಪ್ರಶ್ನೆ (ನೀರ್ಚಾಲು): ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಟಿವಿ, ಇನ್ವರ್ಟರ್ ಹೋದರೆ?

ಉತ್ತರ: ಸಿಡಿಲು ಬಡಿದು ಹೋದರೆ ಸಿಗುತ್ತದೆ. ಕರೆಂಟು ಏರಿಳಿದು ಅಥವಾ ಒಳಗೇ ಶಾರ್ಟ್ ಆಗಿ ಆ ಉಪಕರಣ ಸುಟ್ಟರೆ ಅದಕ್ಕೆ ಇಲ್ಲ. ಅಲ್ಲಿಂದ ಬೆಂಕಿ ಹರಡಿ ಬೇರೆ ಸಾಮಾನು ಸುಟ್ಟರೆ ಅವಕ್ಕೆ ಸಿಗುತ್ತದೆ. ಹಾಳಾದದ್ದನ್ನು ಗುಜರಿಗೆ ಕೊಡಬೇಡಿ, ಸರ್ವೆಯರ್ ನೋಡುವವರೆಗೆ ಇರಲಿ. ರಿಪೇರಿಯವರಿಂದ ಕಾರಣ ಬರೆಸಿಕೊಳ್ಳಿ.

ಪ್ರಶ್ನೆ (ಬದಿಯಡ್ಕದವರೇ): ಕೊನೆಯದಾಗಿ ಒಂದು. ಚಿನ್ನ ಬ್ಯಾಂಕ್ ಲಾಕರ್‌ನಲ್ಲಿಟ್ಟರೆ ವಿಮೆ ಬೇಡ ಅಲ್ವಾ? ಮತ್ತೆ, ಕಂಪನಿ ಕೊಡುವುದಿಲ್ಲ ಅಂದರೆ ನಮ್ಮಂಥವರು ಎಲ್ಲಿಗೆ ಹೋಗುವುದು?

ಉತ್ತರ: ಮನೆಗಿಂತ ಲಾಕರ್ ಒಳ್ಳೆಯದೇ. ಆದರೆ ಬೆಂಕಿ, ಕಳವು, ಸಿಬ್ಬಂದಿಯ ಮೋಸ ಇಂಥದ್ದಕ್ಕೆ ಬ್ಯಾಂಕಿನ ಹೊಣೆ ವರ್ಷದ ಲಾಕರ್ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 2,000 ಅಂದರೆ 2 ಲಕ್ಷ. ಒಳಗಿನ ಚಿನ್ನ ಅದಕ್ಕಿಂತ ಜಾಸ್ತಿ ಇದ್ದರೆ ಯೋಚಿಸಬೇಕು.

ಕಂಪನಿ ಇಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಕೊಚ್ಚಿಯ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಕೇರಳಕ್ಕೆಲ್ಲ ಅದೇ. ಫೀಸು ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಆ ದಿನ ದಾಟಿಸಬೇಡಿ.

ಸಾಲ ಪೂರ್ತಿ ತೀರಿದ ಮೇಲೆ ಜಾಗದ ಮೂಲ ದಾಖಲೆಗಳನ್ನು ಬ್ಯಾಂಕು 30 ದಿನದೊಳಗೆ ವಾಪಸು ಕೊಡಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಆಗ ಪಾಲಿಸಿಯಲ್ಲಿರುವ ಬ್ಯಾಂಕಿನ ಹೆಸರನ್ನೂ ತೆಗೆಸಿ.

(ಬದಿಯಡ್ಕದವರು, ಮರುದಿನ): ಅಣ್ಣಾ, ಬ್ಯಾಂಕಿಗೆ ಹೋಗಿದ್ದೆ. ನೀವು ಹೇಳಿದ ಹಾಗೇ ಆಯಿತು, ಅದು ಯಜಮಾನರ ಜೀವದ ವಿಮೆ. ಮನೆಗೆ ಏನೂ ಇಲ್ಲ.

ಉತ್ತರ: ಮಳೆ ಹಿಡಿಯುವ ಮೊದಲೇ ಗೊತ್ತಾಯಿತಲ್ಲ ಅಕ್ಕಾ. ಫಾರಂ ತುಂಬಿಸಿ ಸೈನ್ ಹಾಕುವ ಮೊದಲು ಫೋಟೋ ತೆಗೆದು ನನಗೆ ಕಳಿಸಿ, ಬರೆಯ ವಿಷಯ ಸರಿಯಾಗಿ ಬರೆದಿದ್ದೀರಾ ಅಂತ ನೋಡಿ ಹೇಳುತ್ತೇನೆ. ಬರೆಯ ಮೇಲಿನಿಂದ ನೀರು ಇಳಿಯದ ಹಾಗೆ ಮೇಲ್ಗಡೆ ಒಂದು ಕಣಿಯನ್ನು ಈ ವಾರವೇ ತೆಗೆಸಿ. ಮಳೆ ಜೋರಾದ ರಾತ್ರಿ ಮಕ್ಕಳನ್ನು ಎದುರಿನ ಕೋಣೆಯಲ್ಲೇ ಮಲಗಿಸಿ.