ಅಪ್ಪ ಅಮ್ಮನೊಂದಿಗೆ ಹಾರ್ಟನ್ ಪ್ಲೇನ್ಸ್: ಹೋಗಿಬಂದವರ ಅನುಭವಗಳು

ಪ್ರಶ್ನೆ

ಜನವರಿಯ ಕೊನೆಯ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಶ್ರೀಲಂಕಾಕ್ಕೆ ಹೊರಟಿದ್ದೇವೆ. ನುವರ ಎಲಿಯದಲ್ಲಿ ಎರಡು ರಾತ್ರಿ ತಂಗಲಿದ್ದು, ಒಂದು ಬೆಳಿಗ್ಗೆಯನ್ನು ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಮೀಸಲಿಡುವ ಯೋಚನೆಯಿದೆ. ಅಪ್ಪನಿಗೆ 68 ವರ್ಷ, ದಿನವೂ ನಡೆಯುವ ಅಭ್ಯಾಸವಿದೆ, ಅಮ್ಮನಿಗೆ ಮಂಡಿನೋವು. ನಸುಕಿನಲ್ಲೇ ಹೊರಡಬೇಕೇ, ನಡಿಗೆ ಎಷ್ಟು ಕಷ್ಟ, ಮಂಜು ಮುಚ್ಚಿಕೊಂಡರೆ ಹೋದದ್ದು ವ್ಯರ್ಥವೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಸುಕಿನಲ್ಲಿ ಹೊರಡುವುದೊಂದನ್ನು ಮಾತ್ರ ಬಿಡಬೇಡಿ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಾವು ಗೊತ್ತುಮಾಡಿದ್ದ ವ್ಯಾನು ಐದಕ್ಕೆ ಬರಬೇಕಾದದ್ದು ಆರೂವರೆಗೆ ಬಂತು. ನಾವು ವರ್ಲ್ಡ್ಸ್ ಎಂಡ್ ಪ್ರಪಾತದ ಅಂಚನ್ನು ಮುಟ್ಟುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು, ಕಣ್ಣ ಮುಂದೆ ಬೆಳ್ಳನೆಯ ಗೋಡೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮೂರು ವರ್ಷದ ಬಳಿಕ ಬಾಗಿಲು ತೆರೆಯುವ ಆರು ಗಂಟೆಗೇ ಹೋಗಿ ನಿಂತೆವು. ಏಳೂವರೆಗೆ ಅದೇ ಅಂಚಿನಿಂದ ಕೆಳಗಿನ ಚಹಾ ತೋಟಗಳು, ತೋಟದ ಕಾರ್ಮಿಕರ ಸಾಲುಮನೆಗಳ ತಗಡಿನ ಮಾಡುಗಳು, ಬಹು ದೂರದಲ್ಲಿ ದಕ್ಷಿಣದ ಕರಾವಳಿಯ ಮಸುಕು ಗೆರೆ, ಎಲ್ಲವೂ ಕಂಡವು.

ಇದರಲ್ಲಿ ಅದೃಷ್ಟಕ್ಕಿಂತ ಗಾಳಿಯ ಪಾತ್ರ ದೊಡ್ಡದು. ಬಯಲು ಸಮುದ್ರಮಟ್ಟದಿಂದ 2,100 ಮೀಟರಿಗೂ ಎತ್ತರದಲ್ಲಿದ್ದು, ದಕ್ಷಿಣಕ್ಕೆ ಸುಮಾರು 880 ಮೀಟರಿನಷ್ಟು ಒಮ್ಮೆಲೇ ಕಡಿದುಬೀಳುತ್ತದೆ. ಬಿಸಿಲೇರಿದಂತೆ ಕೆಳನಾಡಿನ ತೇವದ ಗಾಳಿ ಆ ಗೋಡೆಯನ್ನೇ ಹಿಡಿದು ಮೇಲೇರಿ, ಅಂಚಿಗೆ ಬರುವಷ್ಟರಲ್ಲಿ ತಣಿದು ಮೋಡವಾಗುತ್ತದೆ. ಹೆಚ್ಚಿನ ದಿನಗಳಲ್ಲಿ ಒಂಬತ್ತು, ಒಂಬತ್ತೂವರೆಗೆ ಕಣಿವೆ ತುಂಬಿಬಿಡುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳಲ್ಲೂ ಹೀಗೆಯೇ ಆಗುವುದರಿಂದ, ಒಳ್ಳೆಯ ಕಾಲದಲ್ಲೇ ಹೋಗುತ್ತಿದ್ದೇವಲ್ಲ ಎಂದು ತಡಮಾಡಬೇಡಿ.

ನುವರ ಎಲಿಯದಿಂದ ಅಂಬೆವೆಲ, ಪಟ್ಟಿಪೊಲ ಮಾರ್ಗವಾಗಿ ಸುಮಾರು 32 ಕಿಲೋಮೀಟರ್. ತಿರುವುಗಳ ಕಿರಿದಾದ ರಸ್ತೆಯಾದ್ದರಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ. ಟಿಕೆಟ್ ಹಣದ ಜೊತೆಗೆ ಸೇವಾ ಶುಲ್ಕ, ವಾಹನ ಶುಲ್ಕ, ತೆರಿಗೆಗಳೂ ಸೇರುತ್ತವೆ. ವಿದೇಶಿಯರಿಗೆ ದರ ಬಹಳ ಹೆಚ್ಚು, ಅದಕ್ಕೆ ಮೊದಲೇ ಸಿದ್ಧರಾಗಿ ಹೋಗಿ. ಕೊಲಂಬೊ–ಬದುಲ್ಲ ರೈಲಿನಲ್ಲಿ ಬಂದು ಒಹಿಯ ನಿಲ್ದಾಣದಲ್ಲಿ ಇಳಿದರೂ ತಲುಪಬಹುದು, ಆದರೆ ಅಲ್ಲಿಂದ ಮತ್ತೆ ಸುಮಾರು 11 ಕಿಲೋಮೀಟರ್ ಏರುದಾರಿ ಇದೆ. ಅದೂ ಅಲ್ಲದೆ ಮಳೆಗೆ ಗುಡ್ಡ ಕುಸಿದಾಗ ಆ ಹಳಿಯಲ್ಲಿ ಸಂಚಾರ ನಿಲ್ಲುವುದುಂಟು. ಹಿರಿಯರೊಂದಿಗೆ ವ್ಯಾನೇ ಸರಿ.

ಎರಡನೆಯ ಉತ್ತರ

ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋದವಳು ನಾನು, ಆದ್ದರಿಂದ ನಡಿಗೆಯ ಬಗ್ಗೆ ಹೇಳುತ್ತೇನೆ. ಪೂರ್ತಿ ಸುತ್ತು ಒಂಬತ್ತು ಕಿಲೋಮೀಟರಿನಷ್ಟಿದ್ದು, ಮೂರರಿಂದ ನಾಲ್ಕು ಗಂಟೆ ಬೇಕು. ಫಾರ್ ಇನ್ ಎಂಬ ಹಳೆಯ ಬ್ರಿಟಿಷ್ ಬೇಟೆ ಬಂಗಲೆ ಈಗ ಮಾಹಿತಿ ಕೇಂದ್ರವಾಗಿದೆ. ಅಲ್ಲಿಂದಲೇ ದಾರಿ ಹೊರಡುತ್ತದೆ. ಎರಡು ಕಿಲೋಮೀಟರಿಗೆ ಮಿನಿ ವರ್ಲ್ಡ್ಸ್ ಎಂಡ್, ನಾಲ್ಕಕ್ಕೆ ವರ್ಲ್ಡ್ಸ್ ಎಂಡ್, ಅಲ್ಲಿಂದ ಕಾಡಿನೊಳಗೆ ಬೇಕರ್ಸ್ ಫಾಲ್ಸ್, ಆಮೇಲೆ ಹುಲ್ಲುಗಾವಲಿನ ಮಧ್ಯೆ ಹಿಂದಿರುಗುವ ದಾರಿ. ಏರು ಹೆಚ್ಚಿಲ್ಲ. ಆದರೆ ಬೇರುಗಳು, ಬಿಡಿಗಲ್ಲುಗಳು, ಮಳೆನೀರು ಕೊರೆದ ಹಳ್ಳಗಳು ಕಾಲನ್ನು ತಿರುಚುತ್ತವೆ, ಜಲಪಾತಕ್ಕೆ ಇಳಿಯುವ ಮೆಟ್ಟಿಲುಗಳಂತೂ ಮಂಡಿಗೆ ಶತ್ರು. ನಿಮ್ಮ ತಂದೆಯವರು ಪೂರ್ತಿ ಸುತ್ತು ಮಾಡಬಲ್ಲರು. ಒಂದು ಊರುಗೋಲು ಕೊಡಿ, ಚಪ್ಪಲಿ ಬೇಡ. ತಾಯಿಯವರು ಮಿನಿ ವರ್ಲ್ಡ್ಸ್ ಎಂಡ್‌ವರೆಗೆ ನಿಧಾನವಾಗಿ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಲಿ. ನಮ್ಮಮ್ಮ ಹಾಗೆಯೇ ಮಾಡಿದರು, ಏನನ್ನೋ ಕಳೆದುಕೊಂಡೆ ಎಂದು ಅವರಿಗೆ ಅನ್ನಿಸಲಿಲ್ಲ.

ಚಳಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಎರಡೂ ಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆಲವು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ನಾವು ಹೋದ ದಿನ ದಾರಿಯ ಪಕ್ಕದ ಹುಲ್ಲು ಶೂ ಕೆಳಗೆ ಸಣ್ಣಗೆ ಸದ್ದುಮಾಡುತ್ತಿತ್ತು. ಎಂಟರ ಮೇಲೆ ಬಿಸಿಲು ಸುಡುವುದರಿಂದ ಒಂದರ ಮೇಲೊಂದು ಹಾಕಿಕೊಂಡು ಹೋಗಿ, ಒಂದೊಂದಾಗಿ ಬಿಚ್ಚುತ್ತ ಬರುವುದು ಒಳ್ಳೆಯದು.

ಬಾಗಿಲಲ್ಲಿ ಚೀಲ ತೆಗೆಸಿ ನೋಡುತ್ತಾರೆ. ಸಿಬ್ಬಂದಿಯೊಬ್ಬರು ನಮ್ಮ ನೀರಿನ ಬಾಟಲಿಯ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಸುಲಿದು ಇಟ್ಟುಕೊಂಡರು. ಬಿಸ್ಕತ್ತನ್ನು ಪೊಟ್ಟಣದಿಂದ ತೆಗೆದು ಕಾಗದಕ್ಕೆ ಸುರಿದುಕೊಟ್ಟರು. ನನಗೆ ಅದು ಬಹಳ ಹಿಡಿಸಿತು. ಹೋಟೆಲಿನವರು ಬೆಳಗಿನ ತಿಂಡಿ ಕಟ್ಟಿಕೊಡುತ್ತಾರೆ, ನೀವು ಮನೆಯಿಂದಲೇ ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ ಅದರಲ್ಲಿ ಹಾಕಿಸಿಕೊಳ್ಳಿ. ವಾಹನ ನಿಲ್ಲಿಸುವ ಕಡೆ ದೊಡ್ಡ ಕೊಂಬಿನ ಕಡವೆಗಳು ಹತ್ತಿರಕ್ಕೇ ಬಂದು ಚೀಲ ಮೂಸುತ್ತವೆ. ದಯವಿಟ್ಟು ಒಂದು ಚೂರು ಬ್ರೆಡ್ಡನ್ನೂ ಕೊಡಬೇಡಿ. ಹುಲ್ಲು ಮೇಯುವ ಪ್ರಾಣಿಗೆ ನಮ್ಮ ಕೈ ನೋಡಿ ಬದುಕುವುದನ್ನು ಕಲಿಸಿದ ಪಾಪ ನಮಗೆ ಬೇಡ.

ಇನ್ನೊಂದು ಮಾತು: ಈ ಬೆಟ್ಟಸೀಮೆಯ ತೋಟಗಳಲ್ಲಿ ತಮಿಳು ಮಾತನಾಡುವವರು ಬಹಳ. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ವಲ್ಪ ತಮಿಳು ಬಂದರೆ ಎಲ್ಲವೂ ಸುಲಭವಾಗುತ್ತದೆ.

ಮೂರನೆಯ ಉತ್ತರ

ಮಂಜು ಮುಚ್ಚಿದರೆ ಹೋದದ್ದು ವ್ಯರ್ಥವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಚಿಕ್ಕಮಗಳೂರಿನಲ್ಲಿ ಬಹಳ ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಬಾಬಾಬುಡನ್‌ಗಿರಿಯ ಶೋಲಾ ಕಾಡು, ಹುಲ್ಲುಬೆಟ್ಟಗಳನ್ನು ಕಂಡ ಕಣ್ಣಿಗೆ ಈ ಬಯಲು ದೂರದ ನೆಂಟರ ಮನೆಯಂತೆ ಕಂಡಿತು. ಇಲ್ಲಿಯೂ ಹುಲ್ಲಿನ ನಡುವೆ ದ್ವೀಪಗಳಂತೆ ಕುಳ್ಳ ಮರಗಳ ಕಾಡು, ಕೊಂಬೆ ಕೊಂಬೆಗೂ ಜೋತುಬಿದ್ದ ಪಾಚಿ, ನಮ್ಮ ನೇರಳೆಯ ಕುಲಕ್ಕೇ ಸೇರಿದ ಮರಗಳು, ಹಲವು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಡುವ ಕುರಿಂಜಿಯ ಬಳಗ. ನೀಲಗಿರಿಯಲ್ಲಿ ಕಾಣುವ ಕೆಂಪು ರೋಡೋಡೆಂಡ್ರಾನ್‌ನ ಸೋದರ ಉಪಜಾತಿಯೊಂದು ಇಲ್ಲಿದೆ. ಜೀವವೈವಿಧ್ಯದ ಲೆಕ್ಕದಲ್ಲಿ ಪಶ್ಚಿಮಘಟ್ಟ ಮತ್ತು ಶ್ರೀಲಂಕಾಗಳನ್ನು ಒಂದೇ ತಾಣವಾಗಿ ಎಣಿಸುವುದು ಏಕೆಂದು ಇಲ್ಲಿ ನಡೆದರೆ ತಿಳಿಯುತ್ತದೆ.

ಈ ಕಾಡಿನ ಬಹುಮುಖ್ಯ ಕೆಲಸ ನಡೆಯುವುದೂ ಮಂಜಿನಲ್ಲಿಯೇ. ಎಲೆ, ಪಾಚಿಗಳು ಮಂಜನ್ನು ಸೋಸಿ ಹನಿಯಾಗಿಸಿ ನೆಲಕ್ಕಿಳಿಸುತ್ತವೆ. ಮಹಾವೆಲಿ, ಕೆಲಣಿ, ವಳವೆ ಎಂಬ ಮೂರು ದೊಡ್ಡ ನದಿಗಳಿಗೆ ಇಲ್ಲಿಂದ ನೀರು ಹೋಗುತ್ತದೆ. ಮಂಜು ಕವಿದಾಗ ಹಿಂದಿರುಗುವ ದಾರಿಯ ಕಿರುಸೇತುವೆಯ ಮೇಲೆ ಹತ್ತು ನಿಮಿಷ ನಿಂತು ನೋಡಿ: ಎಲೆಯ ತುದಿಯಿಂದ ಒಂದೊಂದೇ ಹನಿ ಕಪ್ಪುಮಣ್ಣಿಗೆ ಇಳಿಯುತ್ತಿರುತ್ತದೆ, ಕೆಳಗೆ ಹೊಳೆ ಹರಿಯುತ್ತಿರುತ್ತದೆ.

ಸಿಂಹಳದಲ್ಲಿ ಇದರ ಹೆಸರು ಮಹ ಎಲಿಯ, ಅಂದರೆ ದೊಡ್ಡ ಬಯಲು. 1831ರಿಂದ 1837ರವರೆಗೆ ಇಲ್ಲಿನ ಬ್ರಿಟಿಷ್ ಗವರ್ನರ್ ಆಗಿದ್ದ ವಿಲ್ಮಟ್ ಹಾರ್ಟನ್ ಹೆಸರು ಆಮೇಲೆ ಬಂದದ್ದು. ಒಂದು ಕಾಲಕ್ಕೆ ಆನೆಗಳೂ ಇದ್ದ ಈ ಬಯಲಿನಲ್ಲಿ ಈಗ ಒಂದೂ ಇಲ್ಲ. 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಣಗಿ ಬೂದುಬಣ್ಣಕ್ಕೆ ತಿರುಗಿ ನಿಂತ ಮರಗಳು ದಾರಿಯುದ್ದಕ್ಕೂ ಕಾಣುತ್ತವೆ. ಕೆಲವು ದಶಕಗಳಿಂದ ಈ ಕಾಡು ಅಲ್ಲಲ್ಲಿ ಸಾಯುತ್ತಿದೆ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ವ್ಯಾನನ್ನು ನಾಲ್ಕೂವರೆಗೆ ಹೇಳಿದ್ದೇವೆ. ಅಪ್ಪ ಮತ್ತು ನಾನು ಪೂರ್ತಿ ಸುತ್ತು ಬರುತ್ತೇವೆ. ಅಮ್ಮ ಮತ್ತು ನನ್ನ ಪತ್ನಿ ಮಿನಿ ವರ್ಲ್ಡ್ಸ್ ಎಂಡ್ ನೋಡಿ ಫಾರ್ ಇನ್‌ಗೆ ಹಿಂದಿರುಗಿ ಕಾಯುತ್ತಾರೆ. ಸ್ಟೀಲ್ ಡಬ್ಬಿಯನ್ನು ಅಮ್ಮ ಆಗಲೇ ತೆಗೆದಿಟ್ಟಿದ್ದಾರೆ.